ಹಳೆಯ ಸೈಕಲಿನ ಬ್ರೇಕ್ ಯಾವುದೆಂದು ತಿಳಿಯದೆ ಇಳಿಜಾರಿಗೆ ಹೋಗಬೇಡಿ

ನನ್ನ ಬಲ ಮಣಿಕಟ್ಟಿನ ಪ್ಲಾಸ್ಟರ್ ಬಿಚ್ಚಿ ಹನ್ನೆರಡು ದಿನವಾಯಿತು. ಹೆಬ್ಬೆರಳಿನ ಬುಡದಲ್ಲಿರುವ ಸಣ್ಣ ಮೂಳೆ ಬಿರುಕು ಬಿಟ್ಟಿತ್ತು. ಏಳು ವಾರ ಎಡಗೈಯಲ್ಲೇ ಊಟ, ಎಡಗೈಯಲ್ಲೇ ಬರಹ. ಇದಕ್ಕೆಲ್ಲ ಕಾರಣ ಕಿರುಬೆರಳಿನಷ್ಟು ಉದ್ದದ ಒಂದು ಬ್ರೇಕ್ ರಬ್ಬರ್. ಹಳೆಯ ರೋಡ್ ಸೈಕಲ್ ಕೊಳ್ಳುವ ಆಸೆಯಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ.

ನಾನು ಕೆಲಸದ ನಿಮಿತ್ತ ಫ್ರಾನ್ಸಿನ ಲಿಯೋನ್ ನಗರದಲ್ಲಿದ್ದೇನೆ. ಇಲ್ಲಿ ಭಾನುವಾರಗಳಂದು ಬೀದಿಯುದ್ದಕ್ಕೂ ಹಳೆಯ ಸಾಮಾನಿನ ಸಂತೆ ಸೇರುತ್ತದೆ. ಅಲ್ಲಿ ಕಂಡದ್ದು ನೀಲಿ ಬಣ್ಣದ, ತೆಳು ಕೊಳವೆಗಳ, ಹತ್ತು ಗೇರಿನ ಉಕ್ಕಿನ ಸೈಕಲ್. ಅದರ ಬ್ರೇಕ್ ನಾನು ಅದುವರೆಗೆ ನೋಡಿದ ಯಾವ ಬ್ರೇಕಿನಂತೆಯೂ ಇರಲಿಲ್ಲ. ನಮ್ಮೂರಿನ ಸೈಕಲ್ಲುಗಳಲ್ಲಿ ವಯರ್ ಒಂದು ಪಕ್ಕದಿಂದ ಬಂದು ತೋಳನ್ನು ಎಳೆಯುತ್ತದೆ. ಅಪ್ಪನ ಸೈಕಲಿನಲ್ಲಂತೂ ವಯರೇ ಇಲ್ಲ, ಎಲ್ಲವೂ ಕಬ್ಬಿಣದ ಸರಳು. ಇಲ್ಲಿ ವಯರ್ ನಟ್ಟನಡುವೆ ನೇರವಾಗಿ ಇಳಿದು ಒಂದು ಪುಟ್ಟ ಕೊಂಡಿಯನ್ನು ಸೇರುತ್ತಿತ್ತು. ಆ ಕೊಂಡಿಯಿಂದ ಇನ್ನೊಂದು ಗಿಡ್ಡ ವಯರ್ ತೊಟ್ಟಿಲಿನ ಹಗ್ಗದಂತೆ ಎರಡು ಕಡೆಗೂ ಇಳಿದು ಎರಡು ತೋಳುಗಳ ತುದಿಯನ್ನು ಹಿಡಿದಿತ್ತು. ರಬ್ಬರ್ ಕೂತಿದ್ದ ಶೂಗಳು ನಯವಾದ ದುಂಡು ಕಡ್ಡಿಗಳ ಮೇಲಿದ್ದವು. ನೋಡಲು ಎಷ್ಟು ಚೆಂದವಿತ್ತೆಂದರೆ, ಅದು ಏನು, ಹೇಗೆ ಕೆಲಸ ಮಾಡುತ್ತದೆ ಎಂದು ಕೇಳುವ ಮೊದಲೇ ಹಣ ಎಣಿಸಿ ಕೊಟ್ಟಿದ್ದೆ. “ಬ್ರೇಕ್ ರಬ್ಬರ್ ಹೊಸದು, ನಾನೇ ಹಾಕಿದ್ದೇನೆ” ಎಂದು ಮಾರುವವನು ಹೇಳಿದ. ನಿಂತಲ್ಲೇ ಬ್ರೇಕ್ ಹಿಡಿದು ನೋಡಿದೆ. ಗಟ್ಟಿಯಾಗಿ ಕಚ್ಚಿತು. ಅಷ್ಟು ಸಾಕೆಂದುಕೊಂಡೆ.

ಮೂರನೆಯ ದಿನ ಕ್ರುವಾ ರೂಸ್ ಗುಡ್ಡದಿಂದ ಸೋನ್ ನದಿಯ ಕಡೆಗೆ ಇಳಿಯುತ್ತಿದ್ದೆ. ತುಂತುರು ಮಳೆ. ತಿರುವಿನ ಮುಂಚೆ ಮುಂದಿನ ಬ್ರೇಕನ್ನು ಬಲವಾಗಿ ಹಿಡಿದೆ. ಅರೆಕ್ಷಣ ಸೈಕಲ್ ನಿಧಾನವಾಯಿತು. ಆಮೇಲೆ ಲಿವರ್ ಸಡಿಲಗೊಂಡು ಹ್ಯಾಂಡಲಿಗೆ ತಾಗಿತು. ಲೋಹಕ್ಕೆ ಲೋಹ ಕೆರೆಯುವ ಸದ್ದು ಕೇಳಿತು. ಹಿಂದಿನ ಬ್ರೇಕ್ ಹಿಡಿದರೆ ಒದ್ದೆ ರಿಮ್ಮಿನ ಮೇಲೆ ರಬ್ಬರ್ ಜಾರುತ್ತಲೇ ಇತ್ತು. ಎದುರಿಗೆ ಬಸ್ ಬರುತ್ತಿತ್ತು. ಪಕ್ಕದ ಕಲ್ಲಿನ ಗೋಡೆಗೆ ಒರಗಿಸಿಕೊಂಡು ಬೀಳುವುದೊಂದೇ ದಾರಿಯಾಗಿತ್ತು. ಬಿದ್ದೆ. ಬಸ್ಸಿನ ಚಾಲಕಿ ಇಳಿದು ಬಂದು ನನ್ನನ್ನು ಎಬ್ಬಿಸಿದಾಗ, ಆ ಹೊಸ ರಬ್ಬರ್ ನನ್ನ ಹಿಂದೆ ಇಪ್ಪತ್ತು ಮೀಟರ್ ದೂರದಲ್ಲಿ, ರಸ್ತೆಯ ನಡುವೆ ಬಿದ್ದಿತ್ತು. ಒಂದು ಚೂರೂ ಹರಿದಿರಲಿಲ್ಲ.

ಏಕೆ ಹಾಗಾಯಿತೆಂದು ತಿಳಿದದ್ದು ಸೈಕಲ್ ರಿಪೇರಿ ಮಾಡುವ ಹಿರಿಯರೊಬ್ಬರ ಬಳಿ ಹೋದಾಗ. ಅವರು ತೋಳಿನ ಮೇಲಿನ ಕೊಳೆಯನ್ನು ಬಟ್ಟೆಯಿಂದ ಒರೆಸಿದರು. ‘ಮಾಫಾಕ್’, ‘ರೇಸರ್’ ಎಂಬ ಅಕ್ಷರಗಳು ಕಾಣಿಸಿದವು. ಲಿಯೋನಿನ ಪಶ್ಚಿಮಕ್ಕಿರುವ ಕ್ಲೆರ್ಮೋನ್ ಫೆರಾನ್ ನಗರದ ತಯಾರಿಕೆ. 1950ರ ದಶಕದಿಂದ ಬಹಳ ವರ್ಷ ಫ್ರೆಂಚ್ ಸೈಕಲ್ಲುಗಳಲ್ಲಿ ಎಲ್ಲೆಲ್ಲೂ ಇದ್ದದ್ದು. ಇಂಥದ್ದನ್ನು ಸೆಂಟರ್‌ಪುಲ್ ಎನ್ನುತ್ತಾರೆ. ಬ್ರೇಕಿನಲ್ಲಿ ಏನೂ ದೋಷವಿರಲಿಲ್ಲ, ಇದನ್ನು ಒತ್ತಿ ಹೇಳುತ್ತೇನೆ. ತಪ್ಪಾದದ್ದು ರಬ್ಬರ್ ಹಾಕಿದ ಕೈಯಿಂದ.

ಹಳೆಯ ಬ್ರೇಕ್ ಶೂ ಎಂದರೆ ಲೋಹದ ಒಂದು ಪುಟ್ಟ ಗೂಡು. ಅದರ ಒಂದು ತುದಿ ಮುಚ್ಚಿರುತ್ತದೆ, ಇನ್ನೊಂದು ತೆರೆದಿರುತ್ತದೆ; ಸವೆದ ರಬ್ಬರನ್ನು ತೆರೆದ ತುದಿಯಿಂದ ಎಳೆದು ಹೊಸದನ್ನು ತಳ್ಳುತ್ತಾರೆ. ಚಕ್ರ ಮುಂದಕ್ಕೆ ಉರುಳುವಾಗ ಬ್ರೇಕ್ ಇರುವ ಜಾಗದಲ್ಲಿ ರಿಮ್ ಮುಂದಕ್ಕೇ ಓಡುತ್ತದೆ, ರಬ್ಬರನ್ನೂ ಜೊತೆಗೆ ಎಳೆಯುತ್ತದೆ. ಆದ್ದರಿಂದ ಮುಚ್ಚಿದ ತುದಿ ಮುಂದಕ್ಕಿರಲೇಬೇಕು. ತಿರುವುಮುರುವಾದರೆ ರಬ್ಬರನ್ನು ತಡೆಯಲು ಏನೂ ಇರುವುದಿಲ್ಲ. ಎಷ್ಟು ಬಲವಾಗಿ ಬ್ರೇಕ್ ಹಿಡಿಯುತ್ತೀರೋ ಅಷ್ಟು ಬೇಗ ಅದು ಹೊರಗೆ ಜಾರುತ್ತದೆ. ನಿಂತಲ್ಲಿ ಹಿಡಿದು ನೋಡಿದರೆ ಇದು ಗೊತ್ತಾಗುವುದೇ ಇಲ್ಲ, ಏಕೆಂದರೆ ಆಗ ರಿಮ್ ಓಡುತ್ತಿರುವುದಿಲ್ಲ. ನನ್ನ ಬ್ರೇಕಿನ ನಯವಾದ ಕಡ್ಡಿಯನ್ನು ಯಾವ ಕಡೆಗೆ ಬೇಕಾದರೂ ತಿರುಗಿಸಿ ಬಿಗಿಯಬಹುದು. ಅದೇ ಅದರ ಹೆಚ್ಚುಗಾರಿಕೆ. ರಬ್ಬರಿನ ಮುಂದಿನ ಅಂಚು ಮೊದಲು ರಿಮ್ಮಿಗೆ ತಾಗುವಂತೆ ಓರೆ ಮಾಡಿ ಕಿರುಚಾಟ ತಗ್ಗಿಸಬಹುದು. ಗೊತ್ತಿಲ್ಲದವರ ಕೈಯಲ್ಲಿ ಅದೇ ಅಪಾಯವೂ ಹೌದು.

ಆ ಹಿರಿಯರು ಜೇಬಿನಿಂದ ಒಂದು ಅಯಸ್ಕಾಂತ ತೆಗೆದು ರಿಮ್ಮಿಗೆ ಹಿಡಿದರು. ಟಕ್ಕೆಂದು ಅಂಟಿತು. ಕ್ರೋಮ್ ಲೇಪದ ಉಕ್ಕಿನ ರಿಮ್. ಒಣಗಿದ್ದಾಗ ಪರವಾಗಿಲ್ಲ; ಒದ್ದೆಯಾದರೆ ಅಲ್ಯೂಮಿನಿಯಂ ರಿಮ್ಮಿನಂತೆ ಅದು ಹಿಡಿಯುವುದಿಲ್ಲ. ಹಿಂದಿನ ಬ್ರೇಕ್ ನನ್ನನ್ನು ಏಕೆ ಉಳಿಸಲಿಲ್ಲ ಎಂಬುದಕ್ಕೆ ಉತ್ತರ ಸಿಕ್ಕಿತು. ಕೊಳ್ಳುವಾಗ ನನ್ನ ಜೇಬಿನಲ್ಲೂ ಒಂದು ಅಯಸ್ಕಾಂತ ಇದ್ದಿದ್ದರೆ!

ಈಗ ಯಾವ ಹಳೆಯ ಸೈಕಲ್ ಕಂಡರೂ ನಾನು ಮೊದಲು ಬ್ರೇಕಿನ ಎದುರು ಕುಕ್ಕರಗಾಲಲ್ಲಿ ಕೂರುತ್ತೇನೆ. ತೋಳುಗಳು ಒಂದೇ ಬೋಲ್ಟಿನ ಮೇಲೆ ತಿರುಗುತ್ತವೆಯೇ, ವಯರ್ ಪಕ್ಕದಿಂದ ಬರುತ್ತದೆಯೇ? ಹಾಗಾದರೆ ಅದು ಸಾಮಾನ್ಯ ಸೈಡ್‌ಪುಲ್. ಎರಡು ತಿರುಗುಣಿ, ನಡುವೆ ತೊಟ್ಟಿಲಿನಂಥ ವಯರ್ ಇದ್ದರೆ ಸೆಂಟರ್‌ಪುಲ್. ಮಾಫಾಕ್ ಮಾತ್ರವಲ್ಲ, ವೈನ್‌ಮನ್, ಯೂನಿವರ್ಸಲ್ ಹೆಸರುಗಳೂ ಸಿಗುತ್ತವೆ. ತೋಳುಗಳು ಮುಂದಿನ ಕವಲಿಗೇ ನೇರವಾಗಿ ಕೂತಿದ್ದರೆ ಕ್ಯಾಂಟಿಲಿವರ್. ಅದರಲ್ಲಿ ಮುಖ್ಯ ವಯರ್ ತುಂಡಾದರೆ ಅಡ್ಡ ವಯರ್ ಟೈರಿನ ಮೇಲೆ ಬಿದ್ದು ಚಕ್ರವನ್ನೇ ಹಿಡಿದು ನಿಲ್ಲಿಸಬಹುದು. ಅದರ ಕೆಳಗೆ ಮಡ್‌ಗಾರ್ಡ್ ಅಥವಾ ರಿಫ್ಲೆಕ್ಟರಿನ ತಗಡು ಇದೆಯೇ ನೋಡಿಕೊಳ್ಳಿ.

ಇನ್ನೊಂದು ವಿಚಿತ್ರ ಬ್ರೇಕ್ ಇದೆ, ತ್ರಿಕೋನದ ನುಣುಪಾದ ಮುಚ್ಚಳದ್ದು: ಇಟಲಿಯ ಕ್ಯಾಂಪಗ್ನೋಲೊ ಕಂಪನಿಯ ಡೆಲ್ಟಾ. 1980ರ ದಶಕದ ನಡುವೆ ಬಂದದ್ದು. ಮೊದಲ ಆವೃತ್ತಿಯನ್ನು ಕಂಪನಿಯೇ ಹಿಂತೆಗೆದುಕೊಂಡು ತಿದ್ದಿ ತಂದಿತು. ವಯರನ್ನು ಬಿಗಿಯುವ ಸ್ಕ್ರೂ ಒಳಗಿದೆ, ಅದಕ್ಕೆ 3.5 ಮಿ.ಮೀ. ಅಲೆನ್ ಕೀ ಬೇಕು. ಮನೆಯಲ್ಲಿರುವ ಸೆಟ್ಟಿನಲ್ಲಿ 3 ಇರುತ್ತದೆ, 4 ಇರುತ್ತದೆ, 3.5 ಸಾಮಾನ್ಯವಾಗಿ ಇರುವುದಿಲ್ಲ. 3 ಹಾಕಿ ತಿರುಗಿಸಿದರೆ ಸ್ಕ್ರೂವಿನ ಮೂಲೆಗಳು ಸವೆಯುತ್ತವೆ, ವಯರ್ ಸಡಿಲವಾಗಿಯೇ ಉಳಿಯುತ್ತದೆ. ಅದು ಜಾರುವುದು ಯಾವಾಗ ಎಂದು ನಾನು ಹೇಳಬೇಕಾಗಿಲ್ಲ.

ಚಕ್ರ ಬದಲಾಗಿದೆಯೇ ಎಂಬುದನ್ನೂ ನೋಡಿ. ಹಳೆಯ 27 ಇಂಚಿನ ಚಕ್ರದ ರಿಮ್ಮಿನಲ್ಲಿ ಟೈರ್ ಕೂರುವ ವ್ಯಾಸ 630 ಮಿ.ಮೀ., ಇಂದಿನ 700ಸಿ ಚಕ್ರದ್ದು 622. ಅಂದರೆ ರಬ್ಬರ್ 4 ಮಿ.ಮೀ. ಕೆಳಗಿಳಿಯಬೇಕು. ಇಳಿಸದೆ ಬಿಟ್ಟರೆ ಅದು ಟೈರಿಗೆ ಉಜ್ಜಿ ಟೈರನ್ನೇ ಸೀಳುತ್ತದೆ.

ಆಸ್ಪತ್ರೆಯಿಂದ ಬಂದ ದಿನ ಊರಿಗೆ ಫೋನ್ ಮಾಡಿ ತಮ್ಮನಿಗೆ ಅಪ್ಪನ ಸೈಕಲ್ ನೋಡಲು ಹೇಳಿದೆ. “ಅಣ್ಣಾ, ಮುಂದಿನ ಎರಡೂ ಸರಿಯಾಗಿವೆ” ಎಂದು ಫೋಟೋ ಕಳುಹಿಸಿದ. ಅಪ್ಪ ಮೂವತ್ತು ವರ್ಷದಿಂದ ತಾವೇ ರಬ್ಬರ್ ಹಾಕಿಕೊಳ್ಳುತ್ತಿದ್ದಾರೆ, ನಾನೆಂದೂ ಪಕ್ಕದಲ್ಲಿ ಕೂತು ನೋಡಿರಲಿಲ್ಲ.

ಕಳೆದ ಭಾನುವಾರ ಮತ್ತೆ ಅದೇ ಸಂತೆಗೆ ಹೋದೆ. ಅದೇ ಮಾರುವವನು, ಮೂರು ಸೈಕಲ್. ಒಂದರ ಮುಂದಿನ ಶೂಗಳ ತೆರೆದ ತುದಿ ಮುಂದಕ್ಕಿತ್ತು. ನನ್ನ ಮಣಿಕಟ್ಟು ತೋರಿಸಿ, ಆಮೇಲೆ ಶೂ ತೋರಿಸಿದೆ. ಅವನು ವಾದಿಸಲಿಲ್ಲ. ಸ್ಪ್ಯಾನರ್ ತಂದು ಅಲ್ಲೇ ಎರಡನ್ನೂ ತಿರುಗಿಸಿ ಬಿಗಿದ. ಐದು ನಿಮಿಷವೂ ಹಿಡಿಯಲಿಲ್ಲ. ಬಳಿಕ, ಹಿಂದಿನ ವಾರ ಇಂಥವೇ ಎರಡು ಮಾರಿದೆ, ಕೊಂಡವರು ಯಾರೆಂದು ಗೊತ್ತಿಲ್ಲ ಎಂದ.