ಮಾಡಿನ ದೋಣಿ ಸ್ವಚ್ಛಗೊಳಿಸಿದ ಫೋಟೋ ನೋಡಿ ಹಣ ಕೊಡಬೇಡಿ

ಸಾಗರ ತಾಲ್ಲೂಕಿನ ನಮ್ಮ ಹಳೆಯ ಹೆಂಚಿನ ಮನೆಯಲ್ಲಿ ಅಮ್ಮ ಒಬ್ಬರೇ ಇದ್ದಾರೆ, ನಾನಿರುವುದು ಬೆಂಗಳೂರಿನಲ್ಲಿ. ನನ್ನಂತೆ ದೂರದಲ್ಲಿದ್ದುಕೊಂಡು ಊರಿನ ಮನೆಯ ಕೆಲಸಗಳನ್ನು ಫೋನಿನಲ್ಲೇ ಮಾಡಿಸುವವರು ಬಹಳ ಮಂದಿ ಇರುವುದರಿಂದ, ಮಾಡಿನ (ಚಾವಣಿಯ) ಅಂಚಿನಲ್ಲಿ ಮಳೆನೀರು ಹಿಡಿದು ಪೈಪಿಗೆ ಸಾಗಿಸುವ ದೋಣಿಯನ್ನು ಸ್ವಚ್ಛಗೊಳಿಸುವ ಹೆಸರಿನಲ್ಲಿ ನಮಗಾದ ಮೋಸವನ್ನು, ಹೇಳಿಕೊಳ್ಳಲು ನಾಚಿಕೆಯಾದರೂ, ಬರೆಯುತ್ತಿದ್ದೇನೆ.

ನಮ್ಮ ಅಡುಗೆಮನೆಯನ್ನು ಆಮೇಲೆ ಸೇರಿಸಿ ಕಟ್ಟಿದ್ದರಿಂದ ಎರಡು ಮಾಡುಗಳ ನೀರು ಒಂದೇ ತಗಡಿನ ದೋಣಿಗೆ ಬೀಳುತ್ತದೆ. ಮೇಲೆ ಹಲಸು, ಮಾವಿನ ಮರಗಳಿವೆ. ಬೇಸಿಗೆಯಲ್ಲಿ ಉದುರಿದ ತರಗೆಲೆಯನ್ನು ಮೃಗಶಿರಾ ಮಳೆ ಹಿಡಿಯುವ ಮೊದಲೇ ತೆಗೆಯದಿದ್ದರೆ ಅದು ಕೊಳೆತು ಗೊಬ್ಬರವಾಗಿ, ಅದರಲ್ಲಿ ಗೋಳಿಯ ಸಸಿ ಬೇರು ಬಿಟ್ಟು, ನಿಂತ ನೀರು ಹೆಂಚಿನಡಿಗೆ ಹೊಕ್ಕು, ಹೆಂಚನ್ನು ಹೊತ್ತ ಮರದ ಪಕಾಸು, ರೀಪುಗಳನ್ನೆಲ್ಲ ನೆನೆಸುತ್ತದೆ ಎಂಬುದನ್ನು ಮಲೆನಾಡಿನವರಿಗೆ ವಿವರಿಸಬೇಕಾಗಿಲ್ಲ. ಪ್ರತಿವರ್ಷ ಮಾಡು ಹತ್ತುತ್ತಿದ್ದವರಿಗೆ ವಯಸ್ಸಾಯಿತು. ಆದ್ದರಿಂದ ಈ ವರ್ಷ, ಪರಿಚಯದವರೊಬ್ಬರು ಕೊಟ್ಟ ನಂಬರಿಗೆ ಕರೆ ಮಾಡಿ, ಮನೆ ನಿರ್ವಹಣೆಯ ಕೆಲಸ ಮಾಡುವ ಒಂದು ತಂಡಕ್ಕೆ ಒಪ್ಪಿಸಿದೆ.

ಮಾತಾದದ್ದು 4,500 ರೂಪಾಯಿಗೆ. ದೋಣಿಯ ಕಸ ತೆಗೆಯುವುದು, ಇಳಿ ಪೈಪನ್ನು ತೊಳೆಯುವುದು, ಸಡಿಲವಾದ ಕ್ಲಾಂಪುಗಳನ್ನು ಬದಲಿಸುವುದು, ಸೋರುವ ಸಂದುಗಳಿಗೆ ಸೀಲಂಟ್ ಹಚ್ಚುವುದು, ಪೈಪಿನ ಬಾಯಿಗೆ ಜಾಲರಿ ಕೂರಿಸುವುದು, ಇಷ್ಟನ್ನೂ ಅವರೇ ಒಂದೊಂದಾಗಿ ಹೇಳಿದ್ದರು. ಅರ್ಧ ಹಣವನ್ನು ಮುಂಗಡವಾಗಿ ಕಳುಹಿಸಿದೆ. ಕೆಲಸದ ದಿನ ವಾಟ್ಸ್ಆ್ಯಪ್‌ಗೆ ಫೋಟೋ ಬಂತು: ಒಂದು ಎಲೆಯೂ ಇಲ್ಲದ, ಥಳಥಳಿಸುವ ದೋಣಿ. ಅದರ ಹಿಂದೆಯೇ “ಕೆಲಸ ಕ್ಲೀನಾಗಿ ಆಗಿದೆ ಸಾರ್, ಬಾಕಿ ಹಾಕಿ” ಎಂಬ ಸಂದೇಶ. ಹಾಕಿದೆ. ಸಂಜೆ ಅಮ್ಮನಿಗೆ ಕರೆ ಮಾಡಿದಾಗ ಅವರು, “ಏಣಿ ಹತ್ತಿದ್ದೂ ಕಂಡೆ, ಇಳಿದದ್ದೂ ಕಂಡೆ, ನಡುವೆ ಏನು ಮಾಡಿದರೋ ಗೊತ್ತಾಗಲಿಲ್ಲ” ಎಂದಿದ್ದರು.

ಮೊದಲ ಜೋರು ಮಳೆಗೇ ಅಡುಗೆಮನೆಯ ಗೋಡೆಯ ಮೇಲೆ ನೀರಿಳಿಯಿತು. ಸೋರಿದ್ದಲ್ಲ, ಇಳಿದದ್ದು. ಅಕ್ಕಿ ಡಬ್ಬಗಳನ್ನು ಅಮ್ಮ ಒಬ್ಬರೇ ಜಗಲಿಗೆ ಸಾಗಿಸಿದ್ದಾರೆ. ಮಳೆ ಬಿಟ್ಟ ಮೇಲೆ ಪಕ್ಕದ ಮನೆಯ ಹುಡುಗ ಹತ್ತಿ ನೋಡಿದರೆ, ದೋಣಿಯ ಕಸವನ್ನೆಲ್ಲ ಒಂದು ತುದಿಗೆ ಗುಡಿಸಿ, ಇಳಿ ಪೈಪಿನ ಬಾಯೊಳಗೆ ಕೋಲಿನಿಂದ ಜಡಿದಿದ್ದರು. ಕೆಳಗೆ ಎಸೆಯುವ ಶ್ರಮವನ್ನೂ ತೆಗೆದುಕೊಂಡಿರಲಿಲ್ಲ. ಪೈಪಿನ ತಿರುವಿನಲ್ಲಿ ಎಲೆ, ಕಡ್ಡಿ, ಕೆಸರು ಬಿರಡೆಯಂತೆ ಕೂತಿತ್ತು. ಜಾಲರಿ ಇರಲಿಲ್ಲ. ಹೊಸ ಕ್ಲಾಂಪ್ ಒಂದೂ ಇರಲಿಲ್ಲ. ಸೀಲಂಟನ್ನು ತುಕ್ಕನ್ನು ಉಜ್ಜಿ ತೆಗೆಯದೆ ಅದರ ಮೇಲೆಯೇ ಬಳಿದಿದ್ದರಿಂದ ಉಗುರಿಗೇ ಪದರವಾಗಿ ಕಿತ್ತುಬಂತಂತೆ.

ಆಗ ಆ ಫೋಟೋವನ್ನು ಮತ್ತೆ ತೆರೆದೆ. ನಮ್ಮದು ಹಸಿರು ಬಣ್ಣ ಬಳಿದ ತಗಡಿನ ದೋಣಿ. ಫೋಟೋದಲ್ಲಿದ್ದದ್ದು ಬಿಳಿಯ ಪಿವಿಸಿ ದೋಣಿ! ಅದರ ಹಿಂದೆ ಯಾರದೋ ತಾರಸಿ, ತಾರಸಿಯ ಮೇಲೆ ಕಪ್ಪು ನೀರಿನ ಟ್ಯಾಂಕು. ನಮ್ಮ ಮನೆಯ ಸುತ್ತ ತಾರಸಿಯ ಮನೆಯೇ ಇಲ್ಲ. ಹುಟ್ಟಿ ಬೆಳೆದ ಮನೆಯ ದೋಣಿಯ ಬಣ್ಣ ನನಗೆ ಗೊತ್ತಿಲ್ಲವೇ? ಗೊತ್ತಿದೆ. ಬೇರೆ ಯಾರದೋ ಮನೆಯ ಫೋಟೋ ತೋರಿಸಿ ನನ್ನಿಂದ ಹಣ ಪಡೆದರು ಎಂಬುದಕ್ಕಿಂತ, ಅಷ್ಟು ಸಲೀಸಾಗಿ ಪಡೆದರು ಎಂಬುದೇ ಈಗಲೂ ಮೈ ಉರಿಸುತ್ತದೆ.

ಕರೆ ಮಾಡಿದಾಗ ಬಂದ ಮೊದಲ ಉತ್ತರ, “ಈ ಸಲ ಮಳೆ ಜಾಸ್ತಿ ಸಾರ್” ಎಂಬುದು. ಒಂದು ಚದರ ಮೀಟರ್ ಮಾಡಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನೂರು ಚದರ ಮೀಟರ್ ಮಾಡಿಗೆ 50 ಮಿಲಿಮೀಟರ್ ಬಿದ್ದರೆ 5,000 ಲೀಟರ್. ಅಂತಹ ಆರಿದ್ರಾ ಮಳೆಗಳನ್ನು ಇದೇ ದೋಣಿ ಎಷ್ಟೋ ವರ್ಷ ಸಾಗಿಸಿದೆ, ಬಾಯಿ ಮುಚ್ಚಿದ ಪೈಪು ಮಾತ್ರ ಸಾಗಿಸಲಾರದು ಎಂದೆ. ಆಗ ತಪ್ಪು ಮಂಗಗಳದ್ದಾಯಿತು: “ಮಂಗ ಕುಣಿದು ಕ್ಲಾಂಪ್ ಬಿಟ್ಟಿರಬೇಕು.” ಮಂಗಗಳು ನಮ್ಮ ಹೆಂಚು ಒಡೆಯುವುದು ನಿಜ, ಆದರೆ ಕೋಲು ಹಿಡಿದು ಪೈಪಿಗೆ ಎಲೆ ಜಡಿಯುವಷ್ಟು ಇನ್ನೂ ಮುಂದುವರಿದಿಲ್ಲ. ಅನಂತರ, ಒಪ್ಪಿಕೊಂಡದ್ದು ದೋಣಿ ಮಾತ್ರ, ಪೈಪಿನ ಲೆಕ್ಕ ಬೇರೆ ಎಂದರು. ಫೋಟೋದ ವಿಷಯ ಎತ್ತಿದಾಗ ಸ್ವಲ್ಪ ಹೊತ್ತು ಮಾತಿರಲಿಲ್ಲ. ಆಮೇಲೆ, “ಅದು ಸ್ಯಾಂಪಲ್ ಫೋಟೋ ಸಾರ್.” ಸ್ಯಾಂಪಲ್! ಕೆಲಸ ಆಗಿದೆ, ಬಾಕಿ ಹಾಕಿ ಎಂದು ಕಳುಹಿಸಿದ ಫೋಟೋ ಸ್ಯಾಂಪಲ್ ಅಂತೆ.

ಇಷ್ಟಾದ ಮೇಲೂ, ಇನ್ನೂ 1,200 ರೂಪಾಯಿ ಕೊಟ್ಟರೆ ಆ್ಯಸಿಡ್ ಹಾಕಿ ಪೈಪು, ದೋಣಿ ಎರಡನ್ನೂ ತೊಳೆದುಕೊಡುತ್ತೇವೆ ಎಂದರು. ದಯವಿಟ್ಟು ಇದಕ್ಕೆ ಯಾರೂ ಒಪ್ಪಬೇಡಿ. ತಗಡಿಗೆ ತುಕ್ಕು ಹಿಡಿಯದಂತೆ ಕಾಯುವುದು ಅದರ ಮೇಲಿನ ಸತುವಿನ ಲೇಪ. ಆ್ಯಸಿಡ್ ಮೊದಲು ತಿನ್ನುವುದೇ ಅದನ್ನು. ಪಾಚಿಗೆ ಬ್ರಷ್ಷು, ನೀರು ಸಾಕು.

ಫೋಟೋ ನೋಡಿ ಹಣ ಕೊಡಲೇಬೇಡಿ. ಮನೆಯಲ್ಲಿರುವವರ ಕೈಗೆ ಫೋನು ಕೊಟ್ಟು ವಿಡಿಯೋ ಕರೆ ಮಾಡಿಸಿ, ದೋಣಿಯ ಎತ್ತರದ ತುದಿಯಿಂದ ಎರಡು ಕೊಡ ನೀರು ಹೊಯ್ಯಿಸಿ, ಅದು ಎಲ್ಲಿಯೂ ನಿಲ್ಲದೆ ಕೆಳಗಿನ ಪೈಪಿನಿಂದ ಹೊರಬಿದ್ದುದನ್ನು ಕಣ್ಣಾರೆ ಕಂಡ ಮೇಲೆ ಬಾಕಿ ಕೊಡಿ. ಯಾವ ಯಾವ ಕೆಲಸ ಎಂಬುದನ್ನು ಮೊದಲೇ ಬರೆಸಿಕೊಳ್ಳಿ, ಪೈಪು ಎಂಬ ಪದ ಅದರಲ್ಲಿರಲಿ. ಬಿಲ್ಲು ಕೇಳಿದರೆ “ನಮ್ಮಲ್ಲಿ ಬಿಲ್ಲು ಇಲ್ಲ” ಎನ್ನುವವರನ್ನು ಏಣಿ ಹತ್ತಲು ಬಿಡಬೇಡಿ.

ನನ್ನ ಬಳಿ ಇರುವುದು ಹಣ ಕಳುಹಿಸಿದ ದಾಖಲೆ, ಆ ಸಂದೇಶಗಳು ಮತ್ತು ಅವರ ಸ್ಯಾಂಪಲ್ ಫೋಟೋ. ಇವನ್ನೇ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ದೂರಿನ ವಿಷಯ ತಿಳಿಸಿದ ಮೇಲೆ ಆ ತಂಡದವರು ನನ್ನ ಕರೆ ಎತ್ತುತ್ತಿಲ್ಲ.