ನಂದಿ ತಪ್ಪಲಿನ ವೈನರಿ: ನಿವೃತ್ತ ಮೇಷ್ಟರ ಅನಿಸಿಕೆ

ಪ್ರೌಢಶಾಲೆಯಲ್ಲಿ 31 ವರ್ಷ ವಿಜ್ಞಾನ ಕಲಿಸಿದ ನಾನು, ಯೀಸ್ಟಿನಿಂದಾಗಿ ಸಕ್ಕರೆಯು ಆಲ್ಕೊಹಾಲ್ ಮತ್ತು ಇಂಗಾಲದ ಡೈಆಕ್ಸೈಡ್ ಆಗುವ ಸಮೀಕರಣವನ್ನು ಪ್ರತಿವರ್ಷವೂ ಕಪ್ಪುಹಲಗೆಯ ಮೇಲೆ ಬರೆದಿದ್ದೆ. ಆದರೆ ಆ ಕ್ರಿಯೆಯ ವಾಸನೆ ತಿಳಿದದ್ದು ನಿವೃತ್ತಿಯ ನಂತರ, ದೊಡ್ಡಬಳ್ಳಾಪುರದ ಬಳಿಯ ಗ್ರೋವರ್ ಜಂಪಾ ವೈನರಿಯ ಉಕ್ಕಿನ ಟ್ಯಾಂಕುಗಳ ನಡುವೆ ನಿಂತಾಗ. ತೊಳೆ ಬಿಡಿಸಿಟ್ಟ ಹಲಸಿನ ಹಣ್ಣಿಗೂ ಉಕ್ಕಿಬಂದ ಇಡ್ಲಿ ಹಿಟ್ಟಿಗೂ ನಡುವೆ ಎಲ್ಲೋ ಸೇರುವ ವಾಸನೆ ಅದು.

ಕನ್ವಲ್ ಗ್ರೋವರ್ ಅವರು 1988ರಲ್ಲಿ ಆರಂಭಿಸಿದ ಈ ಸಂಸ್ಥೆಗೆ ಫ್ರಾನ್ಸಿನ ವೈನ್ ತಜ್ಞ ಮಿಶೆಲ್ ರೋಲಾನ್ ಸಲಹೆ ನೀಡುತ್ತ ಬಂದವರು. ಚರಿತ್ರೆಗಿಂತ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ದ್ರಾಕ್ಷಿ ತೋಟ. ಯುರೋಪಿನಲ್ಲಿ ಬಳ್ಳಿ ಚಳಿಗಾಲವಿಡೀ ನಿದ್ರಿಸುತ್ತದೆ. ನಮ್ಮಲ್ಲಿ ಅದಕ್ಕೆ ನಿದ್ರೆಯೇ ಇಲ್ಲ. ಆದ್ದರಿಂದ ವರ್ಷಕ್ಕೆ ಎರಡು ಬಾರಿ ರೆಂಬೆ ಸವರಿ, ಮಳೆಗಾಲ ಕಳೆದ ಮೇಲಿನ ಸವರುವಿಕೆಯಿಂದ ಬರುವ ಒಂದೇ ಫಸಲನ್ನು ಬೇಸಿಗೆಯ ಆರಂಭದಲ್ಲಿ ಕೊಯ್ಯುತ್ತಾರೆ. ಶಿರಾಜ್ ಎಂಬ ವೈನ್ ದ್ರಾಕ್ಷಿಯ ಹಣ್ಣೊಂದನ್ನು ಬಾಯಿಗೆ ಹಾಕಿಕೊಂಡೆ. ಬಾಲ್ಯದಿಂದ ತಿಂದ ಬೆಂಗಳೂರು ನೀಲಿ ದ್ರಾಕ್ಷಿಯ ತಿರುಳಾಗಲಿ ಪರಿಮಳವಾಗಲಿ ಇದಕ್ಕಿಲ್ಲ: ಕಾಳು ಸಣ್ಣದು, ಬೀಜ ದೊಡ್ಡದು, ಸಿಪ್ಪೆ ಅಗಿದಷ್ಟೂ ಎಳೆ ಬಾಳೆಕಾಯಿಯಂತೆ ನಾಲಿಗೆಯನ್ನು ಹಿಡಿಯುತ್ತದೆ. ಈ ಒಗರಿಗೆ ಕಾರಣ ಸಿಪ್ಪೆಯಲ್ಲಿರುವ ಟ್ಯಾನಿನ್ ಎಂಬ ಪದಾರ್ಥ. ಬಿಳಿ ವೈನಿಗೆ ರಸವನ್ನು ಮೊದಲೇ ಹಿಂಡಿ ಸಿಪ್ಪೆಯನ್ನು ಬೇರ್ಪಡಿಸುತ್ತಾರೆ, ಕೆಂಪಿಗೆ ಸಿಪ್ಪೆಯೊಡನೆಯೇ ಹುದುಗಲು ಬಿಡುತ್ತಾರೆ. ಬಣ್ಣವೂ ಒಗರೂ ಬರುವುದು ಅಲ್ಲಿಂದಲೇ ಎಂಬುದನ್ನು ಹಣ್ಣು ಅಗಿದವನಿಗೆ ಮತ್ತೆ ವಿವರಿಸಬೇಕಾಗಿಲ್ಲ.

ಓಕ್ ಮರದ ಪೀಪಾಯಿಗಳ ತಂಪು ಕೋಣೆಯನ್ನು ದಾಟಿದ ಬಳಿಕ ರುಚಿ ನೋಡುವ ಸರದಿ. ಕ್ಯಾಬರ್ನೆ ಸೊವಿನ್ಯೋಂ ಮತ್ತು ಶಿರಾಜ್ ದ್ರಾಕ್ಷಿಗಳ ವೈನ್ ಬೆರೆಸಿ ಓಕಿನಲ್ಲಿ ಪಕ್ವಗೊಳಿಸಿದ ಲಾ ರಿಸರ್ವ್ ಎಂಬ ಕೆಂಪು ವೈನ್ ನನಗೆ ಎಲ್ಲಕ್ಕಿಂತ ಹಿಡಿಸಿತು. ಸುರಿದೊಡನೆ ಮರದ ವಾಸನೆ ಮುಂದಿರುತ್ತದೆ; ಲೋಟವನ್ನು ಮೆಲ್ಲಗೆ ತಿರುಗಿಸಿ ಅರ್ಧ ಗಂಟೆ ಕಾದರೆ ನೇರಳೆ ಹಣ್ಣು, ಅದರ ಹಿಂದೆ ಕರಿಮೆಣಸು ಮೂಗಿಗೆ ತಾಗುತ್ತವೆ. ನೌಕರಿಯಲ್ಲಿದ್ದಾಗ ಈ ಅರ್ಧ ಗಂಟೆ ನನ್ನ ಬಳಿ ಇರಲಿಲ್ಲ. ಕುಡಿಯುವ ಉತ್ಸಾಹದಿಂದಲೇ ಬರುವವರಿಗೆ ವಿವರಣೆ ದೀರ್ಘವೆನಿಸಬಹುದು, ನನಗಂತೂ ಸಾಲದಾಯಿತು.

ಮುಂಚಿತವಾಗಿ ಸ್ಥಳ ಕಾಯ್ದಿರಿಸಿ, ವಾರದ ನಡುವಿನ ದಿನ, ಸಾಧ್ಯವಾದರೆ ಕೊಯ್ಲಿನ ಕಾಲದಲ್ಲಿ, ವಾಹನ ಚಲಾಯಿಸಲು ಬೇರೊಬ್ಬರನ್ನು ಕರೆದುಕೊಂಡು ಹೋಗಬೇಕು. ಮಾತ್ರೆ ನುಂಗುವ ನನ್ನ ವಯಸ್ಸಿನವರು ವೈದ್ಯರನ್ನು ಕೇಳಿಯೇ ಹೊರಡುವುದು ಒಳ್ಳೆಯದು. ನಮ್ಮ ಬಡಾವಣೆಯ ಅಂಗಡಿಯೊಂದರಲ್ಲಿ, ಮಧ್ಯಾಹ್ನದ ಬಿಸಿಲು ಬೀಳುವ ಗಾಜಿನ ಕಪಾಟಿನಲ್ಲಿ ನಿಲ್ಲಿಸಿಟ್ಟಿದ್ದ ಬಾಟಲಿಯನ್ನು ಕೊಂಡು, ಒಣಗಿದ ಬಿರಡೆ ಪುಡಿಯಾಗಿ ಒಳಗೆ ಬಿದ್ದು, ವೈನ್ ಹುಳಿಯಾಗಿದ್ದುದನ್ನು ಕಂಡ ಮೇಲೆ ನಾನು ಕೊಳ್ಳುವ ಮುನ್ನ ಕಪಾಟನ್ನೇ ಮೊದಲು ನೋಡುತ್ತೇನೆ.

ಮನೆಯಲ್ಲಿ ಕೆಂಪು ವೈನಿನೊಡನೆ ಮೆಣಸಿನಕಾಯಿ ಬಜ್ಜಿ ತಿಂದ ಪ್ರಯೋಗ ವಿಫಲವಾಯಿತು. ಖಾರಕ್ಕೆ ಒಗರು ಇನ್ನಷ್ಟು ಕೆರಳಿತು. ಹುರಿದ ಗೋಡಂಬಿ ಚೆನ್ನಾಗಿ ಒಗ್ಗುತ್ತದೆ. ಒಂದು ಗುಟುಕು ಸವಿದ ನಮ್ಮ ಮನೆಯವರು, “ಇಷ್ಟು ಒಗರಿಗೆ ಅಷ್ಟು ದೂರ ಹೋಗಬೇಕಿತ್ತೇ, ನೆಲ್ಲಿಕಾಯಿ ತಿಂದಿದ್ದರೆ ಸಾಕಿತ್ತು,” ಎಂದರು.