ಎಲೆ ಹಸಿರಾಗಿದೆ ಅಂತ ನಂಬಿ ಸೀತಾಳೆ ಗಿಡ ಕೊಳ್ಳಬೇಡಿ

ಹೋದ ವರ್ಷ ಮೇ ಕೊನೆಯಲ್ಲಿ ಸಾಗರದಿಂದ ಬೆಂಗಳೂರಿಗೆ ವಾಪಸ್ ಬರುತ್ತಿದ್ದೆವು. ರಸ್ತೆ ಬದಿಯಲ್ಲಿ ಸೀತಾಳೆ ದಂಡೆ, ಅಂದರೆ ಮರದ ಮೇಲೆ ಬೆಳೆಯುವ ಒಂದು ಆರ್ಕಿಡ್, ಮಾರುತ್ತಿದ್ದರು. ಬರೀ ಹೂವಲ್ಲ, ಗಿಡವನ್ನೇ. ಜಡೆಯ ಹಾಗೆ ಇಳಿಬಿದ್ದ ಗೊಂಚಲು, ಬಿಳಿ ಹೂವಿನ ಮೇಲೆ ನೇರಳೆ ಚುಕ್ಕಿ. ನೋಡಿ ಸುಮ್ನೆ ಬರಲು ಆಗಲಿಲ್ಲ. 600 ರೂಪಾಯಿಗೆ ಮೂರು ಗಿಡ ತಂದೆ. "ಅಕ್ಕಾ, ಕುಂಡದಲ್ಲಿಟ್ಟು ದಿನಾ ನೀರು ಹಾಕಿ, ಸಾಕು" ಅಂದರು.

ಹಾಗೇ ಮಾಡಿದೆ. ಪ್ಲಾಸ್ಟಿಕ್ ಕುಂಡ, ತುಂಬ ಕೋಕೋಪೀಟ್ (ತೆಂಗಿನ ನಾರಿನ ಪುಡಿ), ದಿನಾ ಸಂಜೆ ನೀರು. ಹೂವು ಉದುರಿತು. ಎಲೆ ಮಾತ್ರ ಹಸಿರಾಗೇ ಇತ್ತು. ಜೂನ್, ಜುಲೈ, ಆಗಸ್ಟ್, ಹಾಗೇ ಇತ್ತು. ಗಿಡ ಹಿಡಿದುಕೊಂಡಿದೆ ಅಂತ ಮನೆಯವರಿಗೆಲ್ಲ ತೋರಿಸಿದೆ.

ನಾನು ಮೋಸ ಹೋದದ್ದು ಇಲ್ಲೇ. ದಾಸವಾಳದ ಬೇರು ಕೆಟ್ಟರೆ ಎರಡು ದಿನಕ್ಕೆ ಬಾಡಿ ಹೇಳಿಬಿಡುತ್ತದೆ. ಸೀತಾಳೆ ಹೇಳುವುದಿಲ್ಲ. ಬೇರು ಸತ್ತರೂ ದಪ್ಪ ಎಲೆಯಲ್ಲಿರುವ ನೀರಿನಲ್ಲೇ ತಿಂಗಳುಗಟ್ಟಲೆ ಹಸಿರಾಗಿರುತ್ತದೆ. ಸೆಪ್ಟೆಂಬರ್‌ನಲ್ಲಿ ಒಂದು ಗಿಡದ ನಡುವಿನ ಎಲೆ ಮುಟ್ಟಿದ ಕೂಡಲೇ ಕೈಗೆ ಬಂತು. ಬುಡ ಕಪ್ಪಾಗಿ ವಾಸನೆ ಬರುತ್ತಿತ್ತು. ಅಡಿಕೆಯ ಹಾಗೆ ಇದಕ್ಕೂ ಬೆಳೆಯುವ ಸುಳಿ ಒಂದೇ. ಸಂಜೆ ಹಾಕಿದ ನೀರು ರಾತ್ರಿಯಿಡೀ ಅಲ್ಲಿ ನಿಂತು ಸುಳಿ ಕೊಳೆತಿತ್ತು.

ಗಾಬರಿಯಾಗಿ ಉಳಿದೆರಡನ್ನೂ ಕಿತ್ತು ನೋಡಿದೆ. ಬೇರು ಅಂತ ಇದ್ದದ್ದು ಬರೀ ದಾರ. ಈ ಗಿಡದ ಬೇರಿನ ಸುತ್ತ ಸ್ಪಂಜಿನಂಥ ಬಿಳಿ ಪದರ ಇರುತ್ತದೆ. ನೀರು ಬಿದ್ದಾಗ ಅದು ಹೀರಿಕೊಂಡು ಹಸಿರಾಗುತ್ತದೆ, ಒಣಗಿದಾಗ ಬೆಳ್ಳಿ ಬಣ್ಣಕ್ಕೆ ತಿರುಗುತ್ತದೆ. ಅದಕ್ಕೆ ಗಾಳಿ ಬೇಕೇ ಬೇಕು. ನನ್ನ ಗಿಡಗಳಲ್ಲಿ ಒಂದಷ್ಟು ಬೇರಿನ ಪದರ ಮರದಿಂದ ಎಳೆದಾಗಲೇ ಕಿತ್ತು ಹೋಗಿತ್ತು. ಉಳಿದದ್ದನ್ನು ನನ್ನ ಕೋಕೋಪೀಟ್ ಕೊಳೆಸಿತ್ತು. ಯಾರೋ ಹೇಳಿದರು ಅಂತ ಬೇರಿಗೆಲ್ಲ ದಾಲ್ಚಿನ್ನಿ ಪುಡಿ ಬಳಿದೆ. ಅದೂ ತಪ್ಪು. ಚೆನ್ನಾಗಿದ್ದ ಒಂದೆರಡು ಬೇರೂ ಒಣಗಿದವು. ಎರಡನೆಯ ಗಿಡ ದೀಪಾವಳಿ ಹೊತ್ತಿಗೆ ಹೋಯಿತು.

ನನಗೆ ಜಾಸ್ತಿ ನೋವಾದದ್ದು ಗಿಡ ಸತ್ತದ್ದಕ್ಕಲ್ಲ. ಅವು ಕಾಡಿನ ಮರದಿಂದ ಕಿತ್ತವು ಅಂತ ನನಗೆ ಹೊಳೆಯಲೇ ಇಲ್ಲ. ಸೀತಾಳೆ ಬೀಜ ಧೂಳಿನಷ್ಟು ಸಣ್ಣದು, ಮೊಳೆಯಲು ಅದಕ್ಕೆ ಒಂದು ಬಗೆಯ ಶಿಲೀಂಧ್ರದ ಆಸರೆ ಬೇಕು. ಅಲ್ಲಿಂದ ಹೂ ಬಿಡುವಷ್ಟು ದೊಡ್ಡದಾಗಲು ವರ್ಷಗಳೇ ಬೇಕು. ಮೀಸಲು ಅರಣ್ಯದಿಂದ ಕೀಳುವುದು ಅಪರಾಧ ಕೂಡ. ಕೊಳ್ಳುವ ನಮ್ಮಂಥವರು ಇರುವುದರಿಂದಲೇ ಅಲ್ವಾ ಕೀಳುತ್ತಾರೆ?

ಹಾಗಾಗಿ ಕೊಳ್ಳುವ ಮೊದಲು ಬೇರು ನೋಡಿ. ತೊಗಟೆ ಚೂರು ಅಂಟಿಕೊಂಡಿದ್ದರೆ, ಬೇರು ತುಂಡಾಗಿದ್ದರೆ, ಹಳೆಯ ಎಲೆಯಲ್ಲಿ ಹುಳು ತಿಂದ ತೂತು, ಕಲ್ಲುಹೂವಿನ ಕಲೆ ಕಂಡರೆ ಅದು ಕಾಡಿನದೇ ಇರಬಹುದು. ಕೊಳ್ಳಬೇಡಿ. ನರ್ಸರಿಯಲ್ಲಿ ಬೆಳೆದದ್ದರ ಬೇರು ಸಾಮಾನ್ಯವಾಗಿ ಪೂರ್ತಿಯಾಗಿ ಕುಂಡದ ಆಕಾರಕ್ಕೆ ಸುತ್ತಿಕೊಂಡಿರುತ್ತದೆ. ತಂದ ಮೇಲೆ ಮಣ್ಣು, ಗೊಬ್ಬರ, ಕೋಕೋಪೀಟ್ ಹತ್ತಿರವೂ ಬೇಡ. ಇದ್ದಿಲು ತುಂಡು ಹಾಕಿದ ಮರದ ಬುಟ್ಟಿಯೋ, ಒಂದು ಕೊರಡೋ ಸಾಕು. ನೀರು ಬೆಳಿಗ್ಗೆ ಹಾಕಿ, ಬೇರು ಬೆಳ್ಳಗಾದ ಮೇಲೇ ಮತ್ತೆ ಹಾಕಿ. ಎಳೆ ಬಿಸಿಲು ಸಾಕು, ಮಧ್ಯಾಹ್ನದ ಬಿಸಿಲಿಗೆ ಎಲೆ ಸುಡುತ್ತದೆ.

ಮೂರನೆಯ ಗಿಡವನ್ನು ನವೆಂಬರ್‌ನಲ್ಲಿ ಸಾಗರಕ್ಕೇ ತೆಗೆದುಕೊಂಡು ಹೋದೆ. ಚಿಕ್ಕಮ್ಮ ಅದನ್ನು ಮನೆ ಹಿಂದಿನ ಮಾವಿನ ಮರಕ್ಕೆ ಬಾಳೆನಾರಿನಲ್ಲಿ ಕಟ್ಟಿದರು. ಬಂದಳಿಕೆ ಅಂತ ತಿಳಿದು ಯಾರೂ ಕೀಳದಂತೆ ನೋಡಿಕೊಂಡರು. ಬಂದಳಿಕೆಯ ಹಾಗೆ ಇದು ಮರದ ರಸ ಹೀರುವುದಿಲ್ಲ, ಸುಮ್ನೆ ಕೂತಿರುತ್ತದೆ ಅಷ್ಟೇ. ಈ ಜೂನ್ ಮಳೆಗೆ ಎರಡು ಹೊಸ ಬೇರು ಬಂದಿವೆ, ತುದಿ ಹಸಿರಾಗಿದೆ. ಒಂದು ಆಗಲೇ ತೊಗಟೆಗೆ ಅಂಟಿಕೊಂಡಿದೆ. ಹೂವು ಇನ್ನೂ ಬಂದಿಲ್ಲ.